ಅಂಗಡಿಯಲ್ಲಿಲ್ಲದ ವಾಲ್ವ್ ಹುಡುಕುತ್ತಾ...

ಮೊಬೈಲ್ ಡಿಸ್‌ಪ್ಲೇ ಒಡೆದರೆ ಅರ್ಧ ಗಂಟೆಯಲ್ಲಿ ಹೊಸದು ಕೂರಿಸಿ ಕೊಡುವ ಅಂಗಡಿ ಈಗ ಪ್ರತಿ ಬೀದಿಯಲ್ಲೂ ಇದೆ. ಮಿಕ್ಸಿ ಜಾರ್‌ನ ವಾಷರ್ ಸವೆದರೂ ಚಿಂತೆಯಿಲ್ಲ, ಬೈಕಿನ ಕ್ಲಚ್ ಕೇಬಲ್ ತುಂಡಾದರೂ ಚಿಂತೆಯಿಲ್ಲ. ಆದರೆ ನಿಮಗೆ ಬೇಕಾದ ಬಿಡಿಭಾಗವನ್ನು ತಯಾರಿಸುವುದನ್ನೇ ಜಗತ್ತು ನಿಲ್ಲಿಸಿ ದಶಕಗಳು ಕಳೆದಿದ್ದರೆ ಏನು ಮಾಡುತ್ತೀರಿ?

ನಮ್ಮಲ್ಲಿ ಅನೇಕರ ಮನೆಯ ಅಟ್ಟದ ಮೇಲೆ ಇಂಥದ್ದೊಂದು ಪ್ರಶ್ನೆ ಧೂಳು ತಿನ್ನುತ್ತಾ ಕುಳಿತಿದೆ. ಅದು ಅಜ್ಜನ ಕಾಲದ ವಾಲ್ವ್ ರೇಡಿಯೊ. ಮರದ ಪೆಟ್ಟಿಗೆ, ಮುಂದೆ ಬಟ್ಟೆ ಹೊದಿಸಿದ ಸ್ಪೀಕರ್, ಗಾಜಿನ ಡಯಲ್ ಮೇಲೆ ಊರುಗಳ ಹೆಸರು, ಹಿಂದೆ ರಟ್ಟಿನ ಮುಚ್ಚಳ. ಮುಚ್ಚಳ ತೆಗೆದರೆ ಸಾಲಾಗಿ ನಿಂತ ಗಾಜಿನ ಬುರುಡೆಗಳು. ಅದರಲ್ಲಿ ಒಂದೇ ಒಂದು ಸತ್ತರೂ ರೇಡಿಯೊ ಮೂಕ. ಇಂಥ ರೇಡಿಯೊ ಕಂಡ ಕೂಡಲೇ ಮನೆಯವರು ಕೊಡುವ ಸಲಹೆಗಳು ಎರಡು: ಗುಜರಿಗೆ ಹಾಕು, ಇಲ್ಲವೇ ಒಳಗಿನದ್ದೆಲ್ಲ ಕಿತ್ತು ಬ್ಲೂಟೂತ್ ಬೋರ್ಡ್ ಕೂರಿಸು.

ಮೂರನೆಯ ದಾರಿಯೂ ಒಂದಿದೆ, ಬದಲಿ ವಾಲ್ವ್ ಹುಡುಕುವುದು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಕೆಲಸದ ಅರ್ಜಿಗಳಿಗೆ ಉತ್ತರ ಕಾಯುತ್ತಾ ಹುಬ್ಬಳ್ಳಿಯ ಮನೆಯಲ್ಲಿ ಕುಳಿತಿದ್ದ ತಿಂಗಳುಗಳಲ್ಲಿ ನಾನು ಹಿಡಿದಿದ್ದು ಈ ದಾರಿ. ಮಾಮಾ ಬ್ಲೂಟೂತ್ ಕಿಟ್ ತಂದುಕೊಡಲು ತಯಾರಾಗಿದ್ದರು. ಅಜ್ಜಿಯದು ಒಂದೇ ಮಾತು: ‘ಪೆಟ್ಟಿಗಿ ಅಷ್ಟ ಉಳಿಸಿ ಜೀವಾ ತಗದರ ಅದು ನಿಮ್ಮ ಅಜ್ಜನ ರೇಡಿಯೊ ಹೆಂಗಾಗತೈತಿ?’ ಕೊನೆಗೆ ದೀಪಾವಳಿವರೆಗೆ ನನಗೆ ಸಮಯ ಸಿಕ್ಕಿತು. ಅಷ್ಟರೊಳಗೆ ಹಾಡದಿದ್ದರೆ ಮಾಮಾನ ಕಿಟ್.

ಗಾಜಿನ ಬುರುಡೆಯೊಳಗೆ ಏನಿದೆ?

ವಾಲ್ವ್ ಎಂದರೆ ಗಾಳಿ ಹೀರಿ ತೆಗೆದ ಗಾಜಿನ ಕೊಳವೆ. ಒಳಗಿನ ಹೀಟರ್ ಕೆಂಪಗೆ ಕಾದಾಗ ಅದನ್ನು ಸುತ್ತಿರುವ ಕ್ಯಾಥೋಡ್‌ನಿಂದ ಎಲೆಕ್ಟ್ರಾನ್‌ಗಳು ಹೊರಟು ಆನೋಡ್ ಕಡೆಗೆ ಹರಿಯುತ್ತವೆ. ನಡುವೆ ತಂತಿಯ ಜಾಲರಿಯಂಥ ಗ್ರಿಡ್ ಇಟ್ಟು ಆ ಹರಿವನ್ನು ಹೆಚ್ಚುಕಡಿಮೆ ಮಾಡಬಹುದು. ನಲ್ಲಿಯ ತಿರುಪನ್ನು ಸ್ವಲ್ಪವೇ ತಿರುಗಿಸಿ ದೊಡ್ಡ ನೀರಿನ ಹರಿವನ್ನು ನಿಯಂತ್ರಿಸಿದಂತೆ. ವಾಲ್ವ್ ಎಂಬ ಹೆಸರು ಮಾತ್ರ ಬಂದದ್ದು ಕರೆಂಟನ್ನು ಒಂದೇ ದಿಕ್ಕಿಗೆ ಹರಿಯಬಿಡುವ ಗುಣದಿಂದ.

1904ರಲ್ಲಿ ಇಂಗ್ಲೆಂಡಿನ ಜಾನ್ ಆ್ಯಂಬ್ರೋಸ್ ಫ್ಲೆಮಿಂಗ್ ಡಯೋಡ್ ವಾಲ್ವ್ ಮಾಡಿದರು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಅದಕ್ಕೆ ಗ್ರಿಡ್ ಸೇರಿಸಿದರು. ಮುಂದಿನ ಅರ್ಧ ಶತಮಾನದ ರೇಡಿಯೊ, ರಾಡಾರ್, ಮೊದಲ ಕಂಪ್ಯೂಟರ್‌ಗಳು ಎಲ್ಲ ನಡೆದದ್ದು ಇದರ ಮೇಲೆ. ಮೈಸೂರಿನಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಬಾನುಲಿ ಆರಂಭಿಸಿದಾಗ, ಕಳಿಸುವ ಯಂತ್ರದಲ್ಲೂ ಕೇಳುವ ಯಂತ್ರದಲ್ಲೂ ಇದ್ದದ್ದು ವಾಲ್ವ್‌ಗಳೇ. 1947ರಲ್ಲಿ ಬೆಲ್ ಲ್ಯಾಬ್‌ನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ ಮೇಲೆ ವಾಲ್ವ್‌ನ ದಿನಗಳು ಎಣಿಕೆಗೆ ಬಂದವು. ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ಕೂಡ ಒಂದು ಕಾಲಕ್ಕೆ ರೇಡಿಯೊ ವಾಲ್ವ್ ತಯಾರಿಸುತ್ತಿತ್ತು. ನಮ್ಮ ರೇಡಿಯೊದ ಒಂದು ವಾಲ್ವ್ ಮೇಲೆ ಆ ಮೂರಕ್ಷರದ ಅಚ್ಚು ಇನ್ನೂ ಮಾಸಿಲ್ಲ.

ಸತ್ತದ್ದು ಯಾವುದು?

ನಮ್ಮದು ಕರೆಂಟಿನ ಸೆಟ್. ಒಳಗೆ ಇಸಿಎಚ್81, ಇಎಫ್89, ಇಬಿಸಿ81, ಇಎಲ್84, ಇಜೆಡ್80 ಎಂಬ ಐದು ವಾಲ್ವ್. ಜೊತೆಗೆ ಸ್ಟೇಷನ್ ಸರಿಯಾಗಿ ಸಿಕ್ಕಾಗ ಹಸಿರು ಬೆಳಕು ಅರಳಿಸುವ ‘ಮ್ಯಾಜಿಕ್ ಐ’, ಅಂದರೆ ಇಎಂ80.

ವಾಲ್ವ್ ಸತ್ತಿದೆಯೇ ಎಂದು ನೋಡಲು ಮೊದಲ ಪರೀಕ್ಷೆಗೆ ಉಪಕರಣವೇ ಬೇಡ. ಒಳ್ಳೆಯ ವಾಲ್ವ್‌ನ ಗಾಜಿನ ಒಳಗೆ ಕನ್ನಡಿಯಂತೆ ಹೊಳೆಯುವ ಬೆಳ್ಳಿ ಬಣ್ಣದ ಮಚ್ಚೆ ಇರುತ್ತದೆ. ಅದಕ್ಕೆ ಗೆಟರ್ ಎನ್ನುತ್ತಾರೆ. ಒಳಗೆ ಉಳಿದ ಅಲ್ಪಸ್ವಲ್ಪ ಗಾಳಿಯನ್ನು ಹೀರಿಕೊಳ್ಳುವ ಬೇರಿಯಂ ಲೇಪನ ಅದು. ಹೊರಗಿನ ಗಾಳಿ ಒಳಹೊಕ್ಕರೆ ಮಚ್ಚೆ ಹಾಲಿನಂತೆ ಬೆಳ್ಳಗಾಗುತ್ತದೆ. ಹಾಗಾದ ವಾಲ್ವ್ ಮತ್ತೆ ಬದುಕುವುದಿಲ್ಲ. ಎರಡನೆಯ ಪರೀಕ್ಷೆಗೆ ಮಲ್ಟಿಮೀಟರ್ ಸಾಕು. ನಮ್ಮ ಸೆಟ್‌ನಲ್ಲಿರುವ ಒಂಬತ್ತು ಪಿನ್‌ನ ವಾಲ್ವ್‌ಗಳಲ್ಲಿ 4 ಮತ್ತು 5ನೇ ಪಿನ್ ಹೀಟರ್‌ನವು. ಅವುಗಳ ನಡುವೆ ಕಂಟಿನ್ಯೂಟಿ ಇಲ್ಲದಿದ್ದರೆ ಹೀಟರ್ ತುಂಡಾಗಿದೆ.

ನಮ್ಮ ಸೆಟ್‌ನಲ್ಲಿ ಬೆಳ್ಳಗಾಗಿದ್ದದ್ದು ಇಸಿಎಚ್81. ಉಳಿದವುಗಳ ಹೀಟರ್ ಸರಿಯಿದ್ದವು. ಹಾಗಾದರೆ ಒಂದು ವಾಲ್ವ್ ತಂದರೆ ಮುಗಿಯಿತಲ್ಲ ಎನಿಸಿತು. ಹುಡುಕಾಟ ಶುರುವಾದದ್ದು ಅಲ್ಲಿಂದ.

ಬೇಡಿಕೆ ಇದ್ದರೆ ಮಾತ್ರ ಬದುಕು

ವಾಲ್ವ್ ತಯಾರಿಕೆ ಜಗತ್ತಿನಲ್ಲಿ ಪೂರ್ತಿ ನಿಂತಿಲ್ಲ ಎಂಬುದು ನನಗೆ ಸಿಕ್ಕ ಮೊದಲ ಅಚ್ಚರಿ. ಸ್ಲೊವಾಕಿಯಾ, ರಷ್ಯಾ, ಚೀನಾಗಳಲ್ಲಿ ಇಂದಿಗೂ ಹೊಸ ವಾಲ್ವ್‌ಗಳು ತಯಾರಾಗುತ್ತವೆ. ಕಾರಣ ರೇಡಿಯೊ ಅಲ್ಲ, ಗಿಟಾರ್. ಎಲೆಕ್ಟ್ರಿಕ್ ಗಿಟಾರ್ ನುಡಿಸುವವರು ಮತ್ತು ಹೈಫೈ ಪ್ರಿಯರು ವಾಲ್ವ್ ಆ್ಯಂಪ್ಲಿಫೈಯರ್‌ನ ದನಿಯನ್ನು ಬಿಟ್ಟುಕೊಡಲಿಲ್ಲ. ಹೀಗಾಗಿ ಸ್ಪೀಕರ್‌ಗೆ ಶಕ್ತಿ ಕೊಡುವ ಇಎಲ್84, ದನಿ ಹಿಗ್ಗಿಸುವ ಇಸಿಸಿ83 ಮುಂತಾದವು ಹೊಚ್ಚಹೊಸದಾಗಿ ಸಿಗುತ್ತವೆ.

ಆದರೆ ಇಸಿಎಚ್81 ಗಿಟಾರ್‌ನವರಿಗೆ ಬೇಡ. ಸ್ಟೇಷನ್‌ನ ತರಂಗವನ್ನು ರೇಡಿಯೊದ ಒಳಗಿನ ಇನ್ನೊಂದು ತರಂಗದ ಜೊತೆ ಬೆರೆಸುವುದಷ್ಟೇ ಅದರ ಕೆಲಸ. ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ಕೇಳಬೇಕೆಂದರೆ ಈ ವಾಲ್ವ್ ತಾನೇ 1220 ಕಿಲೋಹರ್ಟ್ಸ್‌ನ ತರಂಗವನ್ನು ಹುಟ್ಟಿಸಿ ಅದರೊಡನೆ ಬೆರೆಸುತ್ತದೆ. ಎರಡರ ವ್ಯತ್ಯಾಸವಾದ 455 ಮುಂದಿನ ವಾಲ್ವ್‌ಗೆ ಹೋಗುತ್ತದೆ. ಇದು ರೇಡಿಯೊಕ್ಕೆ ಮಾತ್ರ ಬೇಕಾದ ಕೆಲಸ. ಆದ್ದರಿಂದ ಇಂಥ ವಾಲ್ವ್ ಬೇಕೆಂದರೆ ಅಂದೇ ತಯಾರಾಗಿ, ಮಾರಾಟವಾಗದೆ ಪೆಟ್ಟಿಗೆಯಲ್ಲೇ ಉಳಿದದ್ದನ್ನು ಹುಡುಕಬೇಕು. ಸಂಗ್ರಹಕಾರರು ಅದನ್ನು ‘ನ್ಯೂ ಓಲ್ಡ್ ಸ್ಟಾಕ್’ ಎನ್ನುತ್ತಾರೆ. ಮಾರಾಟವಾಗದ ಹಳೆಯ ಹೊಸ ಮಾಲು!

ಹುಬ್ಬಳ್ಳಿಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ‘ವಾಲ್ವ್’ ಎಂದಾಗ ನಲ್ಲಿ ಅಂಗಡಿಗೆ ದಾರಿ ತೋರಿಸಿದವರೂ ಇದ್ದರು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಗೆಳತಿಯನ್ನು ಕಳಿಸಿದೆ. ಹಳೆಯ ಸ್ಟಾಕ್ ಇಟ್ಟುಕೊಂಡಿದ್ದ ವ್ಯಾಪಾರಿಯೊಬ್ಬರ ನಂಬರ್ ಸಿಕ್ಕಿತು. ಅವರ ಉತ್ತರವೂ ‘ಇಸಿಎಚ್81 ಇಲ್ಲಮ್ಮ’.

ಹೆಸರು ಓದುವ ವಿದ್ಯೆ

ಆಗ ನೆನಪಾದವರು ನಮ್ಮ ಓಣಿಯ ಹಿರಿಯರು. ಎಪ್ಪತ್ತರ ದಶಕದಲ್ಲಿ ರೇಡಿಯೊ ರಿಪೇರಿ ಅಂಗಡಿ ನಡೆಸುತ್ತಿದ್ದವರು. ಎಲ್ಲರಿಗೂ ಅವರು ರೇಡಿಯೊ ಕಾಕಾ. ಕೈ ಸ್ವಲ್ಪ ನಡುಗುತ್ತದೆ, ನೆನಪು ಮಾತ್ರ ಗಟ್ಟಿ. ಸತ್ತ ವಾಲ್ವ್ ಕೈಗಿಟ್ಟೆ. ‘ಈ ಹೆಸರು ಹಿಡಕೊಂಡು ಊರೆಲ್ಲ ಅಡ್ಡಾಡಬ್ಯಾಡ ತಂಗಿ. ಅದು ಮಾಡೋ ಕೆಲಸ ಏನೈತಿ, ಅದನ್ನ ಹುಡುಕು’ ಎಂದರು.

ಅಂದು ಸಂಜೆ ಅವರು ಕಲಿಸಿದ್ದು ಹೆಸರನ್ನು ಬಿಡಿಸಿ ಓದುವುದನ್ನು. ಯುರೋಪಿನ ಪದ್ಧತಿಯಲ್ಲಿ ಮೊದಲ ಅಕ್ಷರ ಹೀಟರ್‌ನದು. ‘ಇ’ ಎಂದರೆ 6.3 ವೋಲ್ಟ್. ‘ಡಿ’ ಎಂದರೆ ಬ್ಯಾಟರಿ ಸೆಟ್‌ನ ವಾಲ್ವ್, ಕರೆಂಟ್ ಬಾರದ ಹಳ್ಳಿಗಳಲ್ಲಿ ಹಾಡುತ್ತಿದ್ದದ್ದು. ‘ಯು’ ಎಂದರೆ ಹೀಟರ್‌ಗಳನ್ನೆಲ್ಲ ಸರಪಳಿಯಂತೆ ಒಂದರ ಹಿಂದೆ ಒಂದು ಜೋಡಿಸುವ, 100 ಮಿಲಿಆ್ಯಂಪ್‌ನ ವಾಲ್ವ್. ಮುಂದಿನ ಅಕ್ಷರಗಳು ಕೆಲಸ ಹೇಳುತ್ತವೆ. ‘ಬಿ’ ಜೋಡಿ ಡಯೋಡ್, ‘ಸಿ’ ಟ್ರಯೋಡ್, ‘ಎಫ್’ ಪೆಂಟೋಡ್, ‘ಎಚ್’ ತರಂಗ ಬೆರೆಸುವುದು, ‘ಎಲ್’ ಸ್ಪೀಕರ್‌ಗೆ ಶಕ್ತಿ ಕೊಡುವುದು, ‘ಎಂ’ ಹಸಿರು ಕಣ್ಣು, ‘ಜೆಡ್’ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್. ನಂತರದ ಅಂಕಿ ಬುಡದ್ದು. 8 ಎಂದರೆ ಒಂಬತ್ತು ಪಿನ್. ಅಷ್ಟಾದರೆ ಇಸಿಎಚ್81 ತನ್ನ ಜಾತಕವನ್ನು ತಾನೇ ಹೇಳುತ್ತದೆ: 6.3 ವೋಲ್ಟ್ ಹೀಟರ್, ಒಂದು ಟ್ರಯೋಡ್, ಒಂದು ಮಿಕ್ಸರ್, ಒಂಬತ್ತು ಪಿನ್.

ಅಮೆರಿಕದವರ ಪದ್ಧತಿ ಬೇರೆ. ಅಲ್ಲಿ ಮೊದಲಿನ ಅಂಕಿ ಹೀಟರ್ ವೋಲ್ಟೇಜ್ ಸೂಚಿಸುತ್ತದೆ, ಉಳಿದದ್ದು ನೋಂದಣಿಯ ಗುರುತು. ನಮ್ಮ ಇಸಿಎಚ್81 ಅಲ್ಲಿ 6ಎಜೆ8. ಇಎಲ್84 ಅಲ್ಲಿ 6ಬಿಕ್ಯೂ5. ಇಸಿಸಿ83 ಅಲ್ಲಿ 12ಎಎಕ್ಸ್7. ರಷ್ಯಾದವರ ಪೆಟ್ಟಿಗೆಯ ಮೇಲೆ ಇಎಲ್84ಕ್ಕೆ ಸಮನಾದದ್ದು 6ಪಿ14ಪಿ, ಇಸಿಎಚ್81ಕ್ಕೆ ಹತ್ತಿರದ್ದು 6ಐ1ಪಿ. ಫಿಲಿಪ್ಸ್, ಮುಲ್ಲಾರ್ಡ್, ವಾಲ್ವೊ ಎಂದು ಹೆಸರು ಬೇರೆ ಇದ್ದರೂ ಮೂರೂ ಒಂದೇ ಫಿಲಿಪ್ಸ್ ಬಳಗದ ಬ್ರ್ಯಾಂಡ್‌ಗಳು. ಬ್ರ್ಯಾಂಡ್ ನೋಡಿ ಹಿಂಜರಿಯಬೇಕಿಲ್ಲ.

ಮರುದಿನ ಅದೇ ಬೆಂಗಳೂರಿನ ವ್ಯಾಪಾರಿಗೆ ಮತ್ತೆ ಫೋನ್ ಮಾಡಿ ‘6ಎಜೆ8 ಇದೆಯಾ ಸರ್?’ ಎಂದೆ. ಒಂದು ಕ್ಷಣ ಪುಟ ತಿರುವಿದ ಸದ್ದು. ‘ಎರಡು ಪೀಸ್ ಇದೆ, ಕಳಿಸ್ಲಾ?’

ಬದಲಿಯಲ್ಲೂ ಹಲವು ಬಗೆ

ವಾಲ್ವ್ ಬರುವವರೆಗೆ ಕಾಕಾನ ಹಳೆಯ ಡೇಟಾ ಪುಸ್ತಕವನ್ನು ಓದಿದೆ. ‘ಬದಲಿ’ ಎಂಬ ಒಂದೇ ಪದದೊಳಗೆ ಎಷ್ಟು ಮೆಟ್ಟಿಲುಗಳಿವೆ ಎಂದು ತಿಳಿದದ್ದು ಆಗ.

ಮೊದಲನೆಯದು, ಹೆಸರು ಬೇರೆ, ವಸ್ತು ಒಂದೇ. 6ಎಜೆ8ರಂತೆ ತೆಗೆದು ಹಾಕಿದರೆ ಆಯಿತು.

ಎರಡನೆಯದು, ಕೆಲಸ ಒಂದೇ, ಬುಡ ಬೇರೆ. ಇಬಿಸಿ41, ಇಬಿಸಿ81, ಇಬಿಸಿ90 ಮೂರರ ಟ್ರಯೋಡ್‌ಗಳೂ ಸುಮಾರು ಒಂದೇ. ಆದರೆ ಮೊದಲನೆಯದಕ್ಕೆ ಎಂಟು ಪಿನ್, ನಂತರದ್ದಕ್ಕೆ ಒಂಬತ್ತು, ಕೊನೆಯದಕ್ಕೆ ಏಳು. ಅಡಾಪ್ಟರ್ ಮಾಡಿಕೊಳ್ಳಬೇಕು, ಇಲ್ಲವೇ ಸಾಕೆಟ್ ಬದಲಿಸಬೇಕು.

ಮೂರನೆಯದು, ಪಿನ್ ಒಂದೇ, ಹಸಿವು ಬೇರೆ. ಇಜೆಡ್80ರ ಜಾಗದಲ್ಲಿ ಇಜೆಡ್81 ಸರಿಯಾಗಿ ಕೂರುತ್ತದೆ. ಆದರೆ ಮೊದಲನೆಯದರ ಹೀಟರ್ 0.6 ಆ್ಯಂಪ್ ತಿಂದರೆ ಎರಡನೆಯದು 1 ಆ್ಯಂಪ್ ಕೇಳುತ್ತದೆ. ಹಳೆಯ ಟ್ರಾನ್ಸ್‌ಫಾರ್ಮರ್‌ಗೆ ಆ ಹೆಚ್ಚುವರಿ ಹೊರೆ ತಾಳುವ ಶಕ್ತಿ ಇದೆಯೇ ಎಂದು ಮೊದಲೇ ನೋಡಬೇಕು. ಇಜೆಡ್81 ಇರಬೇಕಾದ ಜಾಗದಲ್ಲಿ ಇಜೆಡ್80 ಹಾಕಿದರೆ ಅದು ತನ್ನ ಮಿತಿಗಿಂತ ಹೆಚ್ಚು ದುಡಿದು ಬೇಗ ಸೋಲಬಹುದು.

ನಾಲ್ಕನೆಯದು, ವಾಲ್ವ್ ಬದಲು ಸಿಲಿಕಾನ್. ರೆಕ್ಟಿಫೈಯರ್ ವಾಲ್ವ್ ಸಿಗದಿದ್ದರೆ ಎಲ್ಲೆಡೆ ಸಿಗುವ 1ಎನ್4007 ಡಯೋಡ್ ಸಾಕು ಎನ್ನುವವರಿದ್ದಾರೆ. ಕೆಲಸ ನಡೆಯುತ್ತದೆ ನಿಜ. ಆದರೆ ವಾಲ್ವ್ ನಿಧಾನವಾಗಿ ಕಾಯುತ್ತದೆ, ಡಯೋಡ್ ಸ್ವಿಚ್ ಒತ್ತಿದ ಕೂಡಲೇ ಪೂರ್ತಿ ವೋಲ್ಟೇಜ್ ಕೊಡುತ್ತದೆ. ಉಳಿದ ವಾಲ್ವ್‌ಗಳು ಇನ್ನೂ ತಣ್ಣಗಿರುವಾಗ ಆ ವೋಲ್ಟೇಜ್ ಮಿತಿ ಮೀರಿ ಏರಿ ಕೆಪ್ಯಾಸಿಟರ್‌ಗಳನ್ನು ಹಿಂಸಿಸುತ್ತದೆ. ಜೊತೆಗೆ ಸರಿಯಾದ ರೆಸಿಸ್ಟರ್ ಇರಲೇಬೇಕು.

‘ಯು’ ಸರಣಿಯ ಸೆಟ್‌ನಲ್ಲಿ ಇನ್ನೊಂದು ಬಲೆ ಇದೆ. ಅಲ್ಲಿನ ಯುವೈ85 ರೆಕ್ಟಿಫೈಯರ್ ತೆಗೆದು ಡಯೋಡ್ ಹಾಕಿದರೆ ಹೀಟರ್ ಸರಪಳಿಯೇ ಕಡಿದು ಎಲ್ಲ ವಾಲ್ವ್‌ಗಳೂ ಆರಿಹೋಗುತ್ತವೆ. ಆ ಹೀಟರ್‌ನ ಜಾಗಕ್ಕೆ ರೆಸಿಸ್ಟರ್ ಬೇಕು. ಎಷ್ಟು? ಹೀಟರ್ 38 ವೋಲ್ಟ್, ಕರೆಂಟ್ 0.1 ಆ್ಯಂಪ್. ಓಮ್‌ನ ನಿಯಮದಂತೆ 380 ಓಮ್. ಅದು ಹೊರಹಾಕುವ ಶಾಖ 3.8 ವ್ಯಾಟ್. ಆದ್ದರಿಂದ 10 ವ್ಯಾಟ್‌ನ ರೆಸಿಸ್ಟರ್ ಹಾಕಿದರೆ ಕ್ಷೇಮ. ಮೊದಲ ಸೆಮಿಸ್ಟರ್‌ನಲ್ಲಿ ಅಂಕಕ್ಕಾಗಿ ಬಾಯಿಪಾಠ ಮಾಡಿದ ಸೂತ್ರ ಹೀಗೆ ಕೈಗೆ ಬರುತ್ತದೆ ಎಂದುಕೊಂಡಿರಲಿಲ್ಲ.

ಹಸಿರು ಕಣ್ಣಿನ ವಿಷಯದಲ್ಲಿ ಮಾತ್ರ ಸ್ವಲ್ಪ ಸಮಾಧಾನ. ನಮ್ಮಂಥ ಸೆಟ್‌ನಲ್ಲಿ ಅದು ಮಂಕಾದರೂ ಹಾಡು ನಿಲ್ಲುವುದಿಲ್ಲ. ಆದರೆ ವರ್ಷಗಟ್ಟಲೆ ಉರಿದು ಹೊಳಪು ಕಳೆದುಕೊಳ್ಳುವ ವಾಲ್ವ್ ಇದೇ. ಹಾಗಾಗಿ ಹೊಳಪಿರುವ ಮ್ಯಾಜಿಕ್ ಐಗೆ ಬೆಲೆ ಜಾಸ್ತಿ.

ಹೊಸ ವಾಲ್ವ್ ಹಾಕುವ ಮೊದಲು

ಕೊರಿಯರ್ ಬಂದ ದಿನ ಬಾಕ್ಸ್ ಒಡೆಯುವ ಮೊದಲೇ ಕಾಕಾ ಕೇಳಿದ್ದು, ‘ಕೆಪ್ಯಾಸಿಟರ್ ನೋಡಿಯೇನು?’

ಹಳೆಯ ರೇಡಿಯೊಗಳಲ್ಲಿ ಅನೇಕ ಸಲ ವಾಲ್ವ್ ಕೊಲ್ಲುವುದು ಸೋರುವ ಕೆಪ್ಯಾಸಿಟರ್. ಇಬಿಸಿ81ರಿಂದ ಇಎಲ್84ರ ಗ್ರಿಡ್‌ಗೆ ದನಿ ದಾಟಿಸುವ ಪೇಪರ್ ಕೆಪ್ಯಾಸಿಟರ್ ಒಂದಿದೆ. ಅದು ಸೋರಿದರೆ ಗ್ರಿಡ್ ಮೇಲೆ ಬರಬಾರದ ಪಾಸಿಟಿವ್ ವೋಲ್ಟೇಜ್ ಬಂದು ಇಎಲ್84 ಮಿತಿ ಮೀರಿ ಕರೆಂಟ್ ಎಳೆಯುತ್ತದೆ. ಆ ವಾಲ್ವ್ ಸಾಯುತ್ತದೆ, ಕೆಲವೊಮ್ಮೆ ಟ್ರಾನ್ಸ್‌ಫಾರ್ಮರ್‌ ಅನ್ನೂ ಜೊತೆಗೆ ಕರೆದೊಯ್ಯುತ್ತದೆ. ಇಎಲ್84ರ 2ನೇ ಪಿನ್‌ನಲ್ಲಿ ಬಹುತೇಕ ಸೊನ್ನೆ ಇರಬೇಕು. ನಮ್ಮದರಲ್ಲಿ 4 ವೋಲ್ಟ್ ತೋರಿಸಿತು. ಕೆಲವೇ ರೂಪಾಯಿಯ ಹೊಸ ಕೆಪ್ಯಾಸಿಟರ್ ಬೆಸೆದ ಮೇಲೆ ಸೊನ್ನೆಗೆ ಇಳಿಯಿತು. ಒಣಗಿದ್ದ ಎಲೆಕ್ಟ್ರೋಲಿಟಿಕ್‌ಗಳನ್ನೂ ಬದಲಿಸಿದೆವು.

ಇಲ್ಲೊಂದು ಎಚ್ಚರಿಕೆ. ಈ ಸೆಟ್‌ಗಳೊಳಗೆ 250 ವೋಲ್ಟ್ ಆಸುಪಾಸಿನ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರ್ ಆ ಚಾರ್ಜ್ ಹಿಡಿದಿಟ್ಟುಕೊಂಡಿರಬಹುದು. ‘ಯು’ ಸರಣಿಯ ಸೆಟ್‌ಗಳಲ್ಲಿ ಕಬ್ಬಿಣದ ಚಾಸಿಯೇ ನೇರ ಮೇನ್ಸ್‌ಗೆ ಸೇರಿರುತ್ತದೆ, ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಮುಟ್ಟಲೇಬೇಡಿ. ವರ್ಷಗಟ್ಟಲೆ ಮಲಗಿದ್ದ ಸೆಟ್‌ಗೆ ಒಮ್ಮೆಲೇ ಕರೆಂಟ್ ಕೊಡಬೇಡಿ. ಎಲೆಕ್ಟ್ರಿಷಿಯನ್‌ಗಳು ಬಳಸುವ ಸೀರೀಸ್ ಬೋರ್ಡ್‌ನಲ್ಲಿ ಹಳೆಯ ತಂತಿಯ ಬಲ್ಬ್ ಹಾಕಿ ಕೊಡಿ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಬೆಳಗಿ ಹೇಳಿಬಿಡುತ್ತದೆ. ಮೊದಲ ಸಲ ಅನುಭವಿಗಳೊಬ್ಬರು ಪಕ್ಕದಲ್ಲಿರಲಿ.

ಕೊಳ್ಳುವಾಗಲೂ ಕಣ್ಣು ತೆರೆದಿರಲಿ. ಗೆಟರ್ ಮಚ್ಚೆಯ ಫೋಟೊ ಕೇಳಿ. ಪಿನ್‌ಗಳು ನೇರವಾಗಿರಬೇಕು. ಗಾಜಿನ ಮೇಲಿನ ಅಚ್ಚನ್ನು ಅಳಿಸಿ ಬೇರೆ ಹೆಸರು ಒತ್ತುವವರೂ ಇದ್ದಾರೆ. ಫಿಲಿಪ್ಸ್ ಬಳಗದ ವಾಲ್ವ್‌ಗಳಲ್ಲಿ ಗಾಜಿನ ಕೆಳಭಾಗದಲ್ಲಿ ಸಣ್ಣದಾಗಿ ಕೊರೆದ ಸಂಕೇತ ಇರುತ್ತದೆ, ಅದನ್ನು ನೋಡಿ. ಎಸ್.ಪಿ. ರಸ್ತೆಯಂತೆ ಮುಂಬೈನ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್ ಕಡೆಯೂ ವಿಚಾರಿಸಬಹುದು. ಹ್ಯಾಮ್ ರೇಡಿಯೊ ಹವ್ಯಾಸಿಗಳ ಪರಿಚಯ ಮಾಡಿಕೊಳ್ಳಿ, ಹಲವರ ಕಪಾಟಿನಲ್ಲಿ ವಾಲ್ವ್‌ಗಳಿರುತ್ತವೆ. ಪೂರ್ತಿ ಕೆಟ್ಟ ಇನ್ನೊಂದು ರೇಡಿಯೊ ಗುಜರಿಯಲ್ಲಿ ಕಂಡರೆ ಅದರೊಳಗೂ ಜೀವಂತ ವಾಲ್ವ್‌ಗಳು ಇರಬಹುದು.

1220ರಲ್ಲಿ ಸಿಕ್ಕ ಉತ್ತರ

ಹೊಸ ವಾಲ್ವ್ ಕೂರಿಸಿ, ಪಕ್ಕದಲ್ಲಿ ಸಣ್ಣ ಟ್ರಾನ್ಸಿಸ್ಟರ್ ರೇಡಿಯೊ ಇಟ್ಟು ಅದನ್ನು 1220ಕ್ಕೆ ತಿರುಗಿಸಿದೆವು. ಕಾಕಾ ಕಲಿಸಿದ ಅಗ್ಗದ ಪರೀಕ್ಷೆ ಇದು. ದೊಡ್ಡ ರೇಡಿಯೊದ ಮುಳ್ಳು 765ರ ಹತ್ತಿರ ಬಂದಾಗ ಚಿಕ್ಕ ರೇಡಿಯೊದ ಗೊರಗೊರ ಸದ್ದು ತಟ್ಟನೆ ಅಡಗಿತು. ಅಂದರೆ ಇಸಿಎಚ್81 ತನ್ನ ತರಂಗ ಹುಟ್ಟಿಸುತ್ತಿದೆ. ಮುಂದಿನ ಕ್ಷಣ ದೊಡ್ಡ ರೇಡಿಯೊದಿಂದ ಧಾರವಾಡ ನಿಲಯದ ದನಿ ಬಂತು. 1950ರಲ್ಲಿ ಶುರುವಾದ ನಿಲಯ, ಹೆಚ್ಚುಕಡಿಮೆ ಅಜ್ಜಿಯ ವಯಸ್ಸಿನದು. ಅಜ್ಜಿ ಏನೂ ಹೇಳಲಿಲ್ಲ, ಕುರ್ಚಿ ಎಳೆದುಕೊಂಡು ಕುಳಿತರು. ದೀಪಾವಳಿಗೆ ಇನ್ನೂ ಒಂಬತ್ತು ದಿನ ಇತ್ತು. ಮಾಮಾ ಕಿಟ್ ತರಲಿಲ್ಲ, ತಮ್ಮ ಮನೆಯ ಅಟ್ಟದ ಮೇಲಿದ್ದ ಇನ್ನೊಂದು ರೇಡಿಯೊ ತಂದರು!

ಈ ಹುಡುಕಾಟದಿಂದ ಹಣ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಕಾಕಾನ ಮಾತು ನನ್ನ ಕೆಲಸದ ಹುಡುಕಾಟಕ್ಕೂ ಅಂಟಿಕೊಂಡಿತು. ಈಗ ಜಾಹೀರಾತಿನಲ್ಲಿ ಹುದ್ದೆಯ ಹೆಸರಿಗಿಂತ ಅಲ್ಲಿ ಮಾಡಬೇಕಾದ ಕೆಲಸದ ವಿವರ ಮೊದಲು ಓದುತ್ತೇನೆ. ‘ಎಲೆಕ್ಟ್ರಾನಿಕ್ಸ್’ ಎಂಬ ಪದವೇ ಇಲ್ಲದ ಎಷ್ಟೋ ಜಾಹೀರಾತುಗಳಲ್ಲಿ ನಾವು ಕಲಿತ ಕೆಲಸವೇ ಇರುತ್ತದೆ. ಆಸ್ಪತ್ರೆಯ ಉಪಕರಣಗಳ ಸರ್ವಿಸ್, ಮೀಟರ್‌ಗಳ ಕ್ಯಾಲಿಬ್ರೇಷನ್, ಲಿಫ್ಟ್‌ಗಳ ನಿರ್ವಹಣೆ ಹೀಗೆ. ಕಳೆದ ವಾರ ಅಂಥದ್ದೊಂದು ಸಂದರ್ಶನಕ್ಕೆ ಹೋಗಿದ್ದೆ. ‘ಸ್ವತಃ ಪತ್ತೆಹಚ್ಚಿದ ಒಂದು ದೋಷದ ಬಗ್ಗೆ ಹೇಳಿ’ ಎಂದರು. 2ನೇ ಪಿನ್‌ನ ಆ 4 ವೋಲ್ಟ್‌ನಿಂದ ಶುರುಮಾಡಿದೆ. ಹತ್ತು ನಿಮಿಷ ಯಾರೂ ನನ್ನನ್ನು ತಡೆಯಲಿಲ್ಲ. ಉತ್ತರ ಇನ್ನೂ ಬಂದಿಲ್ಲ.

ನಿಮ್ಮ ಮನೆಯ ಅಟ್ಟದಲ್ಲೂ ಒಂದು ರೇಡಿಯೊ ಇದ್ದರೆ ಗುಜರಿಯವನಿಗೆ ಕೊಡುವ ಮೊದಲು ಹಿಂದಿನ ರಟ್ಟು ತೆಗೆದು ವಾಲ್ವ್‌ಗಳ ಹೆಸರು ಬರೆದುಕೊಳ್ಳಿ. ನಿಮ್ಮ ಓಣಿಯಲ್ಲೂ ಒಬ್ಬ ರೇಡಿಯೊ ಕಾಕಾ ಇರಬಹುದು. ವಾಲ್ವ್‌ಗಾದರೂ ಬದಲಿ ಸಿಕ್ಕೀತು, ಅಂಥವರ ನೆನಪಿನಲ್ಲಿರುವ ವಿದ್ಯೆಗೆ ಹಳೆಯ ಸ್ಟಾಕ್ ಇಲ್ಲ. ಹೋಗಿ, ಕೇಳಿ, ಬರೆದಿಟ್ಟುಕೊಳ್ಳಿ.